ಔರಾದದಿಂದ ಕಾಲೇಜಿಗೆ: ಅಂಕದ ಜೊತೆ ಕಾಗದವೂ ಬೇಕು

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಉಪನ್ಯಾಸಕರಿದ್ದಾರೆ. ಸಿಇಟಿ ಅರ್ಜಿಯಲ್ಲಿ ಯಾವ ಕಾಲಂ ತುಂಬಬೇಕು, ಯಾವ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ ಎಂದು ಕೂರಿಸಿಕೊಂಡು ಹೇಳಲು ಮಾತ್ರ ಪ್ರತ್ಯೇಕವಾಗಿ ಯಾರೂ ಇರುವುದಿಲ್ಲ. ಅಪ್ಪ–ಅಮ್ಮ ಕಾಲೇಜು ಕಂಡವರಲ್ಲದಿದ್ದರೆ ಆ ಹೊಣೆ ಸೈಬರ್ ಸೆಂಟರಿನವರ ಮೇಲೆ ಬೀಳುತ್ತದೆ. ಕೊನೆಯ ದಿನದ ಗದ್ದಲದಲ್ಲಿ ಅವರು ತುಂಬಿದ್ದೇ ಅಂತಿಮ. ಹೀಗಾಗಿ ಒಳ್ಳೆಯ ಅಂಕ ಪಡೆದವರೂ ತಮಗೆ ಸಲ್ಲಬೇಕಾದ ಮೀಸಲಾತಿ ಕೇಳದೆ ಸೀಟು ಕಳೆದುಕೊಳ್ಳುವುದುಂಟು. ಬೇಕಾದ ಕಾಗದಗಳಲ್ಲಿ ಬಹುಪಾಲನ್ನು ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಬಹುದು.

ರ‍್ಯಾಂಕ್ ಹೇಗೆ ಬರುತ್ತದೆ

ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಲೆಕ್ಕ ಹೀಗಿದೆ: ಪಿಯುಸಿಯಲ್ಲಿ 300ಕ್ಕೆ 240, ಸಿಇಟಿಯಲ್ಲಿ 180ಕ್ಕೆ 90 ಬಂದರೆ 40 ಮತ್ತು 25 ಸೇರಿ 65. ಪಿಯುಸಿಯಲ್ಲಿ 270 ಬಂದು ಸಿಇಟಿಯಲ್ಲಿ 72ಕ್ಕೇ ನಿಂತರೂ 45 ಮತ್ತು 20 ಸೇರಿ ಅದೇ 65. ಕೋಚಿಂಗ್‌ಗೆ ದುಡ್ಡಿಲ್ಲದ ಹುಡುಗ–ಹುಡುಗಿಯರು ಇದನ್ನು ಗಮನಿಸಬೇಕು. ಪಿಯುಸಿ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಅರ್ಧ ರ‍್ಯಾಂಕ್ ಅಲ್ಲೇ ಕೈಗೆ ಬರುತ್ತದೆ. ವೈದ್ಯಕೀಯ ಸೀಟಿಗೆ ನೀಟ್ ಬೇಕು. ಅಲ್ಲಿ ಸರಿ ಉತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪಿಗೆ 1 ಅಂಕ ಕಳೆಯುತ್ತದೆ. ಊಹೆಯ ಉತ್ತರ ಅಲ್ಲಿ ನಡೆಯುವುದಿಲ್ಲ.

371(ಜೆ): ಬೀದರ ಜಿಲ್ಲೆಯವರ ದೊಡ್ಡ ಬಲ

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಮತ್ತು ಅದರಡಿ ಹೊರಟ 2013ರ ಆದೇಶದ ಪ್ರಕಾರ, ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ ಮೀಸಲು. ಈ ಭಾಗದ ಆಚೆಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳಿವೆ. ಇದು ಜಾತಿ ಆಧಾರದ್ದಲ್ಲ. ಸಾಮಾನ್ಯ ವರ್ಗದವರಿಗೂ ಸಿಗುತ್ತದೆ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಅವರ ಮೀಸಲಾತಿಯ ಜೊತೆಗೇ ಸಿಗುತ್ತದೆ. ಕನ್ನಡ, ಮರಾಠಿ, ಉರ್ದು ಯಾವ ಮಾಧ್ಯಮದಲ್ಲಿ ಓದಿದ್ದರೂ ಅಡ್ಡಿಯಿಲ್ಲ.

ಇದರ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಜನರ ಬಾಯಲ್ಲಿ ಎಸಿ ಸಾಹೇಬರು. ಔರಾದದವರಿಗೆ ಆ ಕಚೇರಿ ಸುಮಾರು 40 ಕಿಲೋಮೀಟರ್ ದೂರದ ಬೀದರಿನಲ್ಲಿದೆ. ಗಡಿ ತಾಲ್ಲೂಕಿನಲ್ಲಿ ಒಂದು ತೊಡಕು ಮೇಲಿಂದ ಮೇಲೆ ಬರುತ್ತದೆ. ತಾಯಿಯ ತವರು ಉದಗೀರ ಅಥವಾ ದೇಗಲೂರ ಕಡೆಯಾಗಿದ್ದರೆ ಚೊಚ್ಚಲ ಹೆರಿಗೆ ಅಲ್ಲೇ ಆಗಿರುತ್ತದೆ, ಮಗುವಿನ ಜನನ ಪತ್ರ ಮಹಾರಾಷ್ಟ್ರದ್ದಾಗಿರುತ್ತದೆ. ಅಂಥವರು ಕೈಚೆಲ್ಲಬೇಕಿಲ್ಲ; ತಂದೆ ಈ ಭಾಗದವರೆಂದು ತೋರಿಸುವ ಜನನ, ಶಾಲೆ ಅಥವಾ ವಾಸದ ದಾಖಲೆ ಹಿಡಿದು ಅರ್ಜಿ ಹಾಕಬಹುದು. ಹಳೆಯ ದಾಖಲೆ ಹುಡುಕಲು ದಿನಗಳು ಹಿಡಿಯುವುದರಿಂದ ಮೊದಲು ಶುರುಮಾಡಬೇಕಾದದ್ದು ಇದೇ ಕಾಗದ.

ಬಿಇಒ ಕಚೇರಿಯ ಕಾಗದಗಳು

ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಶೇ 15 ಗ್ರಾಮೀಣ ಮೀಸಲಾತಿ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಶಾಲೆಯ ಮುಖ್ಯೋಪಾಧ್ಯಾಯರು ಬರೆದುಕೊಟ್ಟ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯಿಂದ ತರಬೇಕು.

ಇಲ್ಲೊಂದು ಎಚ್ಚರಿಕೆ. ಔರಾದ ಊರಿಗೆ ಪಟ್ಟಣ ಪಂಚಾಯಿತಿ ಇದೆ. ಊರು ಎಷ್ಟೇ ಚಿಕ್ಕದೆನಿಸಿದರೂ ಆ ವ್ಯಾಪ್ತಿಯ ಶಾಲೆ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹಳ್ಳಿಯಲ್ಲಿ ಓದಿದವರಿಗಷ್ಟೇ ಅದು ಸಲ್ಲುತ್ತದೆ. ಮರಾಠಿ ಅಥವಾ ಉರ್ದು ಶಾಲೆಯಲ್ಲಿ ಒಂದೆರಡು ವರ್ಷ ಕಳೆದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಸಿಗುವುದಿಲ್ಲ.

ಹನ್ನೊಂದು–ಹನ್ನೆರಡನೇ ತರಗತಿಗೆ ಲಾತೂರಿಗೋ ಉದಗೀರಿಗೋ ಹೋಗುವ ಮಕ್ಕಳೂ ಇದ್ದಾರೆ. ಕರ್ನಾಟಕದ ಸರ್ಕಾರಿ ಕೋಟಾ ಸೀಟಿಗೆ ಇಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದನ್ನು ಇಲ್ಲೇ ಪಾಸಾಗಿರಬೇಕು. ಹೊರಡುವ ಮುನ್ನ ಏಳು ವರ್ಷದ ವ್ಯಾಸಂಗ ಪತ್ರ ಕೈಯಲ್ಲಿರಲಿ.

ನಾಡಕಚೇರಿ ಮತ್ತು ಬ್ಯಾಂಕು

ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೋಬಳಿಯ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲೂ ವಿದ್ಯಾರ್ಥಿವೇತನದ ಅರ್ಜಿಯಲ್ಲೂ ನಮೂದಿಸಬೇಕು. ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗಳಿಗೆ ನಮೂನೆ ಎಫ್. ಪತ್ರ ಕೈಗೆ ಬಂದ ಕೂಡಲೇ ನಮೂನೆ ಸರಿಯಿದೆಯೇ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ರಮಾಣಪತ್ರ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ. ಹಣ ಬೀಳುವುದು ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಖಾತೆಗೆ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆಯಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಶೇ 5 ಸೀಟುಗಳೂ ಇವೆ. ಅವುಗಳಿಗೆ ಬೋಧನಾ ಶುಲ್ಕ ಮಾಫಿ. ಅರ್ಜಿಯಲ್ಲಿ ಕೇಳಿದಾಗ ‘ಹೌದು’ ಎನ್ನದಿದ್ದರೆ ಇದು ಸಿಗದು.

ಆಯ್ಕೆ ನಮೂದು

ಅರ್ಜಿ ಸಾಮಾನ್ಯವಾಗಿ ಜನವರಿ–ಫೆಬ್ರುವರಿಯಲ್ಲಿ, ಸಿಇಟಿ ಏಪ್ರಿಲ್ ಆಸುಪಾಸಿನಲ್ಲಿ. ಫಲಿತಾಂಶದ ನಂತರ ಕಾಲೇಜು–ಕೋರ್ಸುಗಳನ್ನು ನಿಮ್ಮ ಇಷ್ಟದ ಕ್ರಮದಲ್ಲಿ ಬರೆಯಬೇಕು. ‘ಇದು ನಮಗೆಲ್ಲಿ ಸಿಗುತ್ತದೆ’ ಎಂದು ಮೇಲಿನದನ್ನು ಬಿಡಬೇಡಿ. ಸಿಗದಿದ್ದರೆ ಕೆಳಗಿನದಕ್ಕೆ ತಾನಾಗಿ ಇಳಿಯುತ್ತದೆ. ಆದರೆ ಸೇರಲು ಮನಸ್ಸಿಲ್ಲದ್ದನ್ನು ಬರೆಯಲೂ ಬೇಡಿ. ಬೀದರಿನ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯಗಳು ಮನೆಗೆ ಹತ್ತಿರ. ಶೇ 8ರ ಬಲದಿಂದ ಬೆಂಗಳೂರು, ಮೈಸೂರಿನ ಕಾಲೇಜನ್ನೂ ಪಟ್ಟಿಯ ಮೇಲ್ಭಾಗದಲ್ಲಿ ಇಡಬಹುದು.

ಮೊದಲು ಅಣಕು ಹಂಚಿಕೆ ನಡೆಯುತ್ತದೆ. ಅದನ್ನು ನೋಡಿ ಕ್ರಮ ಬದಲಿಸಲು ಅವಕಾಶವಿದೆ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್: ಒಂದನೆಯದು ಒಪ್ಪಿ ಸೇರುವುದು, ಎರಡನೆಯದು ಸೀಟು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವುದು, ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಇನ್ನೂ ಒಳ್ಳೆಯದು ಸಿಗಬಹುದೆಂಬ ಆಸೆಯಿದ್ದರೆ ಎರಡನೆಯದೇ ಕ್ಷೇಮ.

ಸಿಇಟಿ ಒಂದೇ ದಾರಿಯಲ್ಲ

ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಬಿಎ, ಬಿಕಾಂಗೆ ಔರಾದದಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ.

ಯಾವ ಪ್ರವೇಶ ಪರೀಕ್ಷೆ ಬರೆದರೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ಹೊರಡಿಸುವ ಮಾಹಿತಿ ಪುಸ್ತಿಕೆಯನ್ನು ಅರ್ಜಿಗೆ ಮುನ್ನ ಓದಿ. ದಿನಾಂಕ ಮತ್ತು ನಿಯಮ ಬದಲಾಗುತ್ತಿರುತ್ತವೆ. ಸೈಬರ್ ಸೆಂಟರಿನಲ್ಲಿ ತುಂಬಿಸುವುದಾದರೆ 371(ಜೆ), ಗ್ರಾಮೀಣ, ಕನ್ನಡ ಮಾಧ್ಯಮ, ಎಸ್‌ಎನ್‌ಕ್ಯೂ ಈ ನಾಲ್ಕು ಕಾಲಂಗಳನ್ನು ನೀವೇ ಪರದೆಯ ಮೇಲೆ ನೋಡಿ, ಆಮೇಲೆ ಸಲ್ಲಿಸಲು ಹೇಳಿ. ಪಾಸ್‌ವರ್ಡ್ ನಿಮ್ಮದೇ ನೋಟ್‌ಬುಕ್ಕಿನಲ್ಲಿರಲಿ, ಮೊಬೈಲ್ ಸಂಖ್ಯೆಯೂ ಮನೆಯವರದೇ ಇರಲಿ. ಸೀಟು ಹಂಚಿಕೆಯ ಒಟಿಪಿ ಬರುವುದು ಆ ಸಂಖ್ಯೆಗೇ.