ಬಾಸ್ ಇಲ್ಲದ ತಂಡಗಳು ಒಂದೇ ದಿನಕ್ಕೆ ಕೆಲಸ ಮುಗಿಸುವುದು ಹೇಗೆ?

ನಮ್ಮ ರಬಕವಿ-ಬನಹಟ್ಟಿಯಲ್ಲಿ ಒಂದು ಸೀರೆ ಮಗ್ಗದಿಂದ ಇಳಿಯಬೇಕಾದರೆ ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಕಂಡಿಕೆ ಸುತ್ತುವವರು, ನೇಯುವವರು ಎಲ್ಲರೂ ಬೇಕು. ಬಣ್ಣದ ನೂಲು ಬರುವುದು ತಡವಾದರೆ ಮಗ್ಗ ಸುಮ್ಮನೆ ನಿಲ್ಲುತ್ತದೆ. ಸಾಫ್ಟ್‌ವೇರ್ ಕೂಡ ಹೀಗೆಯೇ. ಒಂದು ತಂಡದ ಕೆಲಸ ಇನ್ನೊಂದು ತಂಡದ ಕೆಲಸದ ಮೇಲೆ ನಿಂತಿರುತ್ತದೆ.

ಲಿನಕ್ಸ್ ಕಂಪ್ಯೂಟರಿನಲ್ಲಿ ‘ಸೂರ್ಯ’ ಎಂಬ ಪದ ಮೂಡುವುದನ್ನೇ ನೋಡಿ. ತೆರೆಯ ಮೇಲೆ ಅರ್ಕಾವೊತ್ತು ‘ಯ’ ಅಕ್ಷರದ ನಂತರ ಕಾಣುತ್ತದೆ. ಆದರೆ ಕಂಪ್ಯೂಟರಿನ ನೆನಪಿನಲ್ಲಿ ‘ರ’ ಮೊದಲು, ‘ಯ’ ನಂತರ. ಅಕ್ಷರಗಳಿಗೆ ಸಂಖ್ಯೆ ಕೊಟ್ಟಿರುವುದು ಯೂನಿಕೋಡ್. ಅವುಗಳ ಆಕಾರ ಫಾಂಟಿನಲ್ಲಿದೆ. ಸರಿಯಾದ ಕ್ರಮಕ್ಕೆ ಜೋಡಿಸುವುದು ಹರ್ಫ್‌ಬಾಜ್ ಎಂಬ ತಂತ್ರಾಂಶ. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದ, ಹೆಸರು ಫಾರ್ಸಿಯದು. ಕನ್ನಡ, ಉರ್ದು ಎರಡನ್ನೂ ಜೋಡಿಸುವುದು ಇದೇ. ಕಿಟಕಿ, ಮೆನುಗಳನ್ನು ಗ್ನೋಮ್ ತಂಡ ಮಾಡುತ್ತದೆ, ಅದರ ಮಾತುಗಳನ್ನು ಕನ್ನಡ ಅನುವಾದಕರು ಬರೆಯುತ್ತಾರೆ, ಎಲ್ಲವನ್ನೂ ಕಟ್ಟಿ ಕೊಡುವುದು ಉಬುಂಟು.

ಇವರೆಲ್ಲ ಬೇರೆ ಬೇರೆ ದೇಶದವರು, ಅನೇಕರು ಸ್ವಯಂಸೇವಕರು. ಒಂದು ತಂಡ ಇನ್ನೊಂದಕ್ಕೆ ಹುಕುಂ ಮಾಡುವಂತಿಲ್ಲ. ಹಾಗಾದರೆ ಕೆಲಸ ಹೊಂದುವುದು ಹೇಗೆ? ಮುಖ್ಯವಾಗಿ ಮೂರು ಪದ್ಧತಿಗಳಿಂದ.

ಮೊದಲನೆಯದು, ದಿನಾಂಕವನ್ನು ಮೊದಲೇ ಸಾರುವುದು. ಗ್ನೋಮ್ ಪ್ರತಿ ವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಆವೃತ್ತಿ ಬಿಡುತ್ತದೆ. ಅದನ್ನು ಬಳಸುವ ಉಬುಂಟು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ; ‘21.04’ ಎಂದರೆ 2021ರ ಏಪ್ರಿಲ್. ರಮಜಾನ್ ವೇಳಾಪಟ್ಟಿ ಇದ್ದಂತೆ ಇದು. ಮನೆ ಮನೆಯ ಅಡುಗೆ ಬೇರೆ, ಇಫ್ತಾರಿನ ಹೊತ್ತು ಒಂದೇ. ಬೇಯದ ತಿನಿಸು ನಾಳೆಗೆ ಉಳಿಯುತ್ತದೆ, ಹೊತ್ತು ಮುಂದೆ ಹೋಗುವುದಿಲ್ಲ. ಡೆಬಿಯನ್ ತಂಡದ್ದು ಬೇರೆ ದಾರಿ: ಈದ್‌ಗೆ ಚಂದ್ರದರ್ಶನವಾಗಬೇಕಾದಂತೆ, ಎಲ್ಲವೂ ಸಿದ್ಧವಾದಾಗಲೇ ಬಿಡುಗಡೆ.

ಎರಡನೆಯದು ‘ಫ್ರೀಜ್’, ಅಂದರೆ ತಡೆ. ಬಿಡುಗಡೆಗೆ ಕೆಲವು ವಾರ ಮುಂಚೆ ಗ್ನೋಮ್‌ನಲ್ಲಿ ಹೊಸ ಸೌಲಭ್ಯ ಸೇರಿಸುವುದು ನಿಲ್ಲುತ್ತದೆ. ನಂತರ ಮೆನುಗಳ ಮಾತು ಬದಲಿಸುವುದೂ ನಿಲ್ಲುತ್ತದೆ. ಬದಲಿಸಲೇಬೇಕಾದರೆ ಅನುವಾದ ತಂಡದ ಒಪ್ಪಿಗೆ ಬೇಕು. ಇಷ್ಟು ಬಿಗಿ ಏಕೆ? ಇಂಗ್ಲಿಷ್ ವಾಕ್ಯವೇ ಅನುವಾದದ ಕೀಲಿಕೈ. ಅದರಲ್ಲಿ ಒಂದು ಚುಕ್ಕೆ ಬದಲಾದರೂ ಹಳೆಯ ಕನ್ನಡ ಅನುವಾದ ಅದಕ್ಕೆ ಹೊಂದುವುದಿಲ್ಲ. ಯಾರಾದರೂ ಮತ್ತೆ ನೋಡಿ ಸರಿಪಡಿಸುವವರೆಗೆ ಬಳಕೆದಾರರಿಗೆ ಇಂಗ್ಲಿಷೇ ಕಾಣುತ್ತದೆ. ಬರೆದವನಿಗೆ ಅದು ಒಂದು ನಿಮಿಷದ ತಿದ್ದುಪಡಿ, ಹತ್ತಾರು ಭಾಷೆಗಳ ಅನುವಾದಕರಿಗೆ ಮತ್ತೆ ಕೆಲಸ. ಹೆಚ್ಚು ಜನರಿರುವ ಭಾಷೆಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ಬೆರಳೆಣಿಕೆಯ ಜನರಿರುವ ತಂಡ ಹಿಂದೆ ಬೀಳುತ್ತದೆ. ದೊಡ್ಡವರು ತಮ್ಮ ಕೈ ಕಟ್ಟಿಕೊಂಡರೆ ಮಾತ್ರ ಸಣ್ಣವರಿಗೆ ಸಮಯ ಸಿಗುತ್ತದೆ.

ಮೂರನೆಯದು, ಹಳೆಯ ಬಾಗಿಲನ್ನು ಒಮ್ಮೆಲೇ ಮುಚ್ಚದಿರುವುದು. ಕನ್ನಡ ಒತ್ತಕ್ಷರ ಜೋಡಿಸುವ ನಿಯಮ ಒಮ್ಮೆ ಬದಲಾಯಿತು. ಫಾಂಟಿನೊಳಗೆ ಹಳೆಯ ನಿಯಮದ ಗುರುತು ‘ಕೆಎನ್‌ಡಿಎ’, ಹೊಸದರದ್ದು ‘ಕೆಎನ್‌ಡಿ2’. ಎಲ್ಲ ಕಂಪ್ಯೂಟರುಗಳೂ ಒಂದೇ ದಿನ ಬದಲಾಗಲು ಸಾಧ್ಯವಿಲ್ಲ. ಅದಕ್ಕೇ ಎರಡೂ ನಿಯಮಗಳನ್ನು ಒಂದೇ ಫಾಂಟಿನಲ್ಲಿ ಇಡಲು ಅವಕಾಶವಿದೆ. ಹಳೆಯ ಯಂತ್ರ ಹಳೆಯದನ್ನು ಓದುತ್ತದೆ, ಹೊಸದು ಹೊಸದನ್ನು. ಆವೃತ್ತಿಯ ಅಂಕಿಗಳೂ ಇಂಥದೇ ಸೂಚನೆ. ಅನೇಕ ತಂಡಗಳಲ್ಲಿ 2.3.1 ಎಂಬುದು 2.3.2 ಆದರೆ ಸಣ್ಣ ದುರಸ್ತಿ, 2.4.0 ಆದರೆ ಹೊಸ ಸೌಲಭ್ಯ, 3.0.0 ಆದರೆ ‘ಎಚ್ಚರ, ಹಳೆಯದಕ್ಕೆ ಹೊಂದದಿರಬಹುದು’ ಎಂದರ್ಥ.

ಇಷ್ಟಾದರೂ ಕೆಲವೊಮ್ಮೆ ಹೊಂದುವುದಿಲ್ಲ. 2021ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 40ರಲ್ಲಿ ಮುಖಪುಟದ ವಿನ್ಯಾಸವೇ ಬದಲಾಗಿತ್ತು. ಮರುತಿಂಗಳೇ ಬರಬೇಕಿದ್ದ ಉಬುಂಟು 21.04 ಅವಸರ ಮಾಡದೆ ಹಿಂದಿನ 3.38 ಅನ್ನೇ ಉಳಿಸಿಕೊಂಡಿತು. ಹೊಸದು ಅಕ್ಟೋಬರ್‌ನ 21.10ರಲ್ಲಿ ಸೇರಿತು. ಎರಡೂ ಬಿಡುಗಡೆಗಳು ಹೇಳಿದ ತಿಂಗಳಲ್ಲೇ ಆದವು. ಬಳಕೆದಾರರಿಗೆ ಆರು ತಿಂಗಳು ಕಾಯುವುದಾಯಿತು, ಕೆಟ್ಟ ಕಂಪ್ಯೂಟರ್ ಸಿಗಲಿಲ್ಲ.

ಗ್ನೋಮ್, ಲಿಬ್ರೆಆಫೀಸ್‌ಗಳ ಕನ್ನಡ ಅನುವಾದಕ್ಕೆ ಯಾರು ಬೇಕಾದರೂ ಕೈಜೋಡಿಸಬಹುದು. ಇದಕ್ಕೆ ಪ್ರೋಗ್ರಾಮಿಂಗ್ ಬೇಡ. ಒಳ್ಳೆಯ ಕನ್ನಡ, ಸ್ವಲ್ಪ ಇಂಗ್ಲಿಷ್, ಹೇಳಿದ ದಿನಕ್ಕೆ ಮುಗಿಸುವ ಶಿಸ್ತು ಸಾಕು. ಮಾತುಗಳಿಗೆ ತಡೆ ಬಿದ್ದ ದಿನದಿಂದ ಬಿಡುಗಡೆಯವರೆಗಿನ ವಾರಗಳು ಆರಂಭಿಸಲು ಒಳ್ಳೆಯ ಸಮಯ. ಆ ವಾರಗಳನ್ನು ಕಾದಿಟ್ಟಿರುವುದೇ ನಮ್ಮಂಥ ಭಾಷೆಯವರಿಗಾಗಿ.