ಹೊಳೆಯಿಂದ ಹೊಳೆಗೆ: ಗೆಳೆಯರ ಬಳಗದ ಕರಾವಳಿ ಪ್ರವಾಸ

ಮಂಗಳೂರಿನಿಂದ ಕಾರವಾರದವರೆಗೆ ಸುಮಾರು 270 ಕಿಲೋಮೀಟರ್ ದೂರ ಕಡಲಿಗೆ ಸಮೀಪದಲ್ಲೇ ಸಾಗುವ ರಾಷ್ಟ್ರೀಯ ಹೆದ್ದಾರಿ 66, ಕಾಲೇಜು ಮುಗಿಸಿದ ಅಥವಾ ಆಗಷ್ಟೇ ಕೆಲಸಕ್ಕೆ ಸೇರಿದ ಯುವಕ ಯುವತಿಯರು ಕಾರು ಮಾಡಿಕೊಂಡು ಹೊರಡುವ ದಾರಿಗಳಲ್ಲಿ ಮುಖ್ಯವಾದುದು. ಇಂಥ ಪ್ರವಾಸಕ್ಕೆ ದೊರೆಯುವ ಸಲಹೆಗಳೆಲ್ಲ ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಪಟ್ಟಿಯಾಗಿರುತ್ತವೆ. ಪಟ್ಟಿಯನ್ನು ನಂಬಿ ಹೊರಟವರು ಎರಡು ದಿನಗಳಲ್ಲಿ ಹತ್ತು ಕಡೆ ಇಳಿದು, ಫೋಟೊ ತೆಗೆಸಿಕೊಂಡು, ಉಳಿದ ಹೊತ್ತನ್ನೆಲ್ಲ ಕಾರಿನಲ್ಲಿ ತೂಕಡಿಸುತ್ತ ಕಳೆಯುತ್ತಾರೆ. ಈ ಹಾದಿಗೆ ನಾಲ್ಕು ದಿನಗಳನ್ನಾದರೂ ಕೊಟ್ಟು, ದಿನಕ್ಕೆ ಎರಡೇ ಕಡೆ ಇಳಿದು, ಇಳಿದಲ್ಲಿ ಕೈಕಾಲಿಗೂ ಕಣ್ಣುಕಿವಿಗೂ ಕೆಲಸ ಕೊಡುವುದು ಮೇಲು. ಏನೇನನ್ನು ಬಿಡಬೇಕೆಂಬುದನ್ನು ಹೊರಡುವ ಮೊದಲೇ ನಿರ್ಧರಿಸಿಕೊಂಡರೆ ದಾರಿಯ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ.

ಕಾರಿನೊಳಗಿನ ಹೊತ್ತು ಹೋಗುವುದಕ್ಕೆ ಅಂತ್ಯಾಕ್ಷರಿ ಇದ್ದೇ ಇದೆ, ಅದಕ್ಕೆ ಯಾರ ಸಲಹೆಯೂ ಬೇಕಿಲ್ಲ. ಅದು ಸಾಕೆನಿಸಿದಾಗ ಕಿಟಕಿಯಾಚೆಗಿನ ಅಂಕಿಗಳನ್ನು ಓದುವ ಆಟ ಚೆನ್ನಾಗಿ ಒದಗುತ್ತದೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ, ಉತ್ತರ ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆಗಳನ್ನೂ ಪೂರ್ವ ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆಗಳನ್ನೂ ನಿಗದಿಪಡಿಸಿ, ಸಮಸಂಖ್ಯೆ ಪಶ್ಚಿಮಕ್ಕೆ ಹೋದಂತೆ, ಬೆಸಸಂಖ್ಯೆ ದಕ್ಷಿಣಕ್ಕೆ ಹೋದಂತೆ ಏರುವ ಹಾಗೆ ಕ್ರಮ ಮಾಡಲಾಯಿತು. ಅದಕ್ಕೆ ಮುಂಚೆ 17 ಎನಿಸಿಕೊಂಡಿದ್ದ ಕರಾವಳಿಯ ಹೆದ್ದಾರಿ, ದೇಶದ ಪಶ್ಚಿಮದ ಅಂಚಿನಲ್ಲಿರುವುದರಿಂದ, 66 ಆದದ್ದು ಹೀಗೆ. ಬಂಟ್ವಾಳದಿಂದ ಬೆಂಗಳೂರಿನತ್ತ ಹೊರಡುವ ಹೆದ್ದಾರಿ 75, ಅದಕ್ಕಿಂತ ಉತ್ತರದಲ್ಲಿ ಹೊನ್ನಾವರದಿಂದ ಸಾಗರ, ಶಿವಮೊಗ್ಗಗಳ ಕಡೆಗೆ ಹತ್ತುವ ಹೆದ್ದಾರಿ 69; ಮೂರಂಕಿಯವು ಕವಲು ರಸ್ತೆಗಳು, 275 ಎಂಬುದು 75ರ ಕವಲು. ಮೈಲಿಗಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ವಾಹನಗಳ ನೋಂದಣಿ ಸಂಖ್ಯೆಯಲ್ಲೂ ಇಂಥದೇ ಆಟವಿದೆ: ಕೆಎ 19 ಮಂಗಳೂರಿನದು, 20 ಉಡುಪಿಯದು, 47 ಹೊನ್ನಾವರದ್ದು, 30 ಕಾರವಾರದ್ದು. ಎದುರಿನ ಗಾಡಿ ಯಾವ ಊರಿನದೆಂದು ಮೊದಲು ಹೇಳಿದವರಿಗೆ ಮುಂದಿನ ಅಂಗಡಿಯಲ್ಲಿ ಒಂದು ಗೋಳಿಬಜೆ ಎಂಬ ಪಂದ್ಯ ಕಟ್ಟಿದರೆ ಹಿಂದಿನ ಸೀಟಿನವರೂ ಎಚ್ಚರವಾಗಿರುತ್ತಾರೆ.

ಆದರೆ ಈ ಹಾದಿಗೇ ವಿಶಿಷ್ಟವಾದ ಆಟವೆಂದರೆ ಹೊಳೆಗಳನ್ನು ಗುರುತಿಸುವುದು. ಪಶ್ಚಿಮ ಘಟ್ಟ ಕಡಲಿಗೆ ತೀರ ಹತ್ತಿರವಿರುವುದರಿಂದ ಇಲ್ಲಿನ ನದಿಗಳು ಉದ್ದದಲ್ಲಿ ಗಿಡ್ಡ, ಅಳಿವೆಯ ಬಳಿ, ಅಂದರೆ ಸಮುದ್ರವನ್ನು ಸೇರುವ ಬಾಯಿಯಲ್ಲಿ, ಬಲು ಅಗಲ. ಹೆದ್ದಾರಿಯು ಅವನ್ನೆಲ್ಲ ಸರಿಸುಮಾರು ಈ ಅಗಲವಾದ ಭಾಗದಲ್ಲೇ ದಾಟಬೇಕಾಗುತ್ತದೆ. ಮಂಗಳೂರನ್ನು ಬಿಟ್ಟೊಡನೆ ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಉಡುಪಿ ದಾಟಿದ ಮೇಲೆ ಸ್ವರ್ಣಾ, ಅನಂತರ ಸೀತಾ, ಕುಂದಾಪುರದ ಬಳಿ ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳು ಕೂಡುವ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ಮಿರ್ಜಾನಿನ ಹತ್ತಿರ ಅಘನಾಶಿನಿ, ಅಂಕೋಲೆಯ ಮುನ್ನ ಗಂಗಾವಳಿ, ಕಾರವಾರದಾಚೆ ಕಾಳಿ. ಸೇತುವೆಗಳು ಬರುವ ಮೊದಲು ಪ್ರಯಾಣಿಕರು ದೊಡ್ಡ ಹೊಳೆಗಳ ದಡದಲ್ಲಿ ಬಸ್ಸಿಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕಾಗಿತ್ತು. ಇಂದು ಅದೇ ಹೊಳೆಯನ್ನು ದಾಟಿದ್ದು ಕಾರಿನಲ್ಲಿದ್ದವರಿಗೆ ತಿಳಿಯುವುದೂ ಇಲ್ಲ. ಹೊನ್ನಾವರದಲ್ಲಿ ಮಾತ್ರ ಗಾಡಿಯನ್ನು ಸೇತುವೆಯಿಂದ ದೂರ ನಿಲ್ಲಿಸಿ, ದಡಕ್ಕೆ ನಡೆದು ಹೋಗಬೇಕು. ಕೊಂಕಣ ರೈಲ್ವೆಯ ಸೇತುವೆಗಳಲ್ಲೆಲ್ಲ ಅತಿ ಉದ್ದವಾದದ್ದು, ಎರಡು ಕಿಲೋಮೀಟರಿಗೂ ಮಿಗಿಲಾದದ್ದು, ಶರಾವತಿಯ ಮೇಲಿನ ರೈಲು ಸೇತುವೆ. ಅದರ ಮೇಲೆ ಒಂದು ರೈಲು ಹಾದುಹೋಗುವುದನ್ನು ಕಾದು ನೋಡುವುದು ಬಿಟ್ಟಿ ಸಿಗುವ ಮನರಂಜನೆ. ಪಕ್ಕದ ಕಾಸರಕೋಡಿನಲ್ಲಿ ಕಾಂಡ್ಲಾ ವನದ ನಡುವೆ, ಎಂದರೆ ಉಪ್ಪುನೀರಿನಲ್ಲಿ ಬೇರನ್ನು ಮೇಲೆತ್ತಿ ನಿಲ್ಲುವ ಮರಗಳ ನಡುವೆ, ಹಲಗೆಯ ಕಾಲುದಾರಿಯನ್ನು ಕಟ್ಟಲಾಗಿದೆ.

ಗುಂಪಿನಲ್ಲಿ ಕೆಲಸ ಹಂಚಿಕೆಯಾಗದಿದ್ದರೆ ಎಲ್ಲ ಭಾರವೂ ಕಾರು ಓಡಿಸುವವರ ಹೆಗಲಿಗೆ ಬೀಳುತ್ತದೆ. ಪರವಾನಗಿ ಇರುವವರು ಕನಿಷ್ಠ ಇಬ್ಬರಿದ್ದು ಎರಡು ಗಂಟೆಗೊಮ್ಮೆ ಬದಲಾಗುವುದು, ಮುಂದಿನ ಸೀಟಿನಲ್ಲಿ ಕೂತವರು ದಾರಿ ನೋಡುವ ಹೊಣೆ ಹೊತ್ತು ನಿದ್ದೆ ಮಾಡದಿರುವುದು, ಒಬ್ಬರು ಎಲ್ಲರಿಂದ ಸಮನಾಗಿ ಹಣ ಕೂಡಿಸಿಕೊಂಡು ಅಂದಂದಿನ ಖರ್ಚನ್ನು ಅಂದೇ ಬರೆದಿಡುವುದು, ಇಷ್ಟಾದರೆ ಸಾಕು. ದೇಹದ ಸಹಜ ಲಯದ ಪ್ರಕಾರ ನಿದ್ದೆಯ ಒತ್ತಡ ಬೆಳಗಿನ ಜಾವ ಅತಿ ಹೆಚ್ಚಾಗಿದ್ದು, ಮಧ್ಯಾಹ್ನದ ಊಟವಾದ ಮೇಲೆ ಇನ್ನೊಮ್ಮೆ ಏರುತ್ತದೆ; ಬೆಂಗಳೂರಿನಿಂದ ರಾತ್ರಿ ಹೊರಟು ನಸುಕಿನಲ್ಲಿ ಘಟ್ಟ ಇಳಿಯುವ ಜನಪ್ರಿಯ ಯೋಜನೆ ಈ ಕಾರಣಕ್ಕೆ ಒಳ್ಳೆಯದಲ್ಲ. ಬಾಡಿಗೆಗೆ ಪಡೆದು ತಾವೇ ಓಡಿಸುವ ಕಾರಿನ ನಂಬರ್ ಪ್ಲೇಟು ಕಪ್ಪಾಗಿದ್ದು ಅಕ್ಷರಗಳು ಹಳದಿಯಾಗಿರಬೇಕು. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ಕಡಿಮೆ ದರಕ್ಕೆ ಬಾಡಿಗೆಗೆ ಕೊಡುವವರಿದ್ದಾರೆ, ಆದರೆ ಅಪಘಾತವಾದಾಗ ವಿಮೆಯ ತಕರಾರು ಎದ್ದರೆ ಉಳಿಸಿದ ದುಡ್ಡು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸೀಟು ಬೆಲ್ಟು ಹಿಂದೆ ಕೂತವರಿಗೂ ಕಡ್ಡಾಯ. ಹೆದ್ದಾರಿಯ ಸಹಾಯವಾಣಿ 1033, ಎಲ್ಲ ಬಗೆಯ ತುರ್ತಿಗೂ 112.

ಉಡುಪಿಯ ಸುತ್ತ ಒಂದು ಇಡೀ ದಿನವನ್ನು ಕಳೆಯಬಹುದು. ಬೆಳಿಗ್ಗೆ ಬೇಗನೆ ಮಲ್ಪೆಯ ದಕ್ಕೆಗೆ, ಅಂದರೆ ದೋಣಿಗಳು ಮೀನು ಇಳಿಸುವ ಕಟ್ಟೆಗೆ ಹೋದರೆ, ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ, ಅಂಜಲ್ ಮೀನುಗಳನ್ನು ಕೂಗಿ ಹರಾಜು ಹಾಕುವುದು ಕಾಣುತ್ತದೆ. ಅದು ಪ್ರದರ್ಶನವಲ್ಲ, ಜನ ಕೆಲಸ ಮಾಡುವ ಜಾಗ. ಬುಟ್ಟಿ ಹೊತ್ತವರಿಗೆ ದಾರಿ ಬಿಟ್ಟು ಬದಿಯಲ್ಲಿ ನಿಲ್ಲಬೇಕು. ಮೀನುಗಳು ಸಂತಾನೋತ್ಪತ್ತಿ ಮಾಡುವ ಕಾಲವೆಂದು ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ದಕ್ಕೆಯಲ್ಲಿ ಈ ಗದ್ದಲವಿರುವುದಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ಗಮನಿಸಬೇಕಾದುದು ಮರಳಲ್ಲ, ಕಲ್ಲು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗವು ಮಡಗಾಸ್ಕರಿನಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾ, ಅಂದರೆ ಕರಗಿದ ಬಂಡೆ, ಮೆಲ್ಲಗೆ ತಣಿಯುತ್ತ ಕುಗ್ಗಿ, ಕುಗ್ಗುವಾಗ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡು, ಐದಾರು ಮುಖಗಳ ಕಂಬಗಳಾಗಿ ಸೀಳಿಕೊಂಡದ್ದನ್ನು ಅಲ್ಲಿ ಕೈಯಿಂದ ಮುಟ್ಟಿ ನೋಡಬಹುದು. ಒಂದೊಂದು ಕಂಬದ ಮುಖಗಳನ್ನು ಎಣಿಸುತ್ತ ಹೋದರೆ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಮಳೆಗಾಲದಲ್ಲಿ ದೋಣಿಗಳು ಹೊರಡುವುದಿಲ್ಲ. ಸಂಜೆಗೆ ಸ್ವಲ್ಪ ದಕ್ಷಿಣದ ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ.

ಕರಾವಳಿಗೆ ಬಂದ ಯುವಕರು ರಾತ್ರಿಯ ಹೊತ್ತನ್ನು ಕಡಲ ದಂಡೆಯ ರೆಸಾರ್ಟುಗಳಲ್ಲೇ ಕಳೆಯುತ್ತಾರೆ, ಒಂದು ಆಟವನ್ನೂ ನೋಡದೆ ಹಿಂದಿರುಗುತ್ತಾರೆ. ಆಟವೆಂದರೆ ಇಲ್ಲಿ ಯಕ್ಷಗಾನ. ದೀಪಾವಳಿಯ ಆಚೀಚೆ ತಿರುಗಾಟಕ್ಕೆ ಹೊರಡುವ ಮೇಳಗಳು, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ, ಇಂದು ಈ ಊರು, ನಾಳೆ ಆ ಊರು ಎಂದು ಗದ್ದೆ ಬಯಲುಗಳಲ್ಲಿ ರಂಗಸ್ಥಳ ಕಟ್ಟಿ ಆಡುತ್ತಲೇ ಇರುತ್ತವೆ. ಹರಕೆ ಹೊತ್ತ ಮನೆಯವರು ಆಡಿಸುವ ಬಯಲಾಟಕ್ಕೆ ಟಿಕೆಟು ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಇಂದಿನ ಆಟ ಎಲ್ಲಿ ಎಂದು ಚಹಾದಂಗಡಿಯಲ್ಲಿ ಕೇಳಿದರೆ ಸಾಕು. ಆಟ ಆರಂಭವಾಗುವುದಕ್ಕೆ ಎರಡು ಗಂಟೆ ಮುಂಚೆ ಹೋಗಿ, ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ದೇವರ ಪೂಜೆಯೂ ನಡೆಯುವ ಚೌಕಿಯನ್ನು, ಎಂದರೆ ಬಣ್ಣ ಹಚ್ಚಿಕೊಳ್ಳುವ ಡೇರೆಯನ್ನು ನೋಡಬೇಕು. ಸಾಲಾಗಿ ನೆಲದ ಮೇಲೆ ಕೂತ ವೇಷಧಾರಿಗಳು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ತೆಂಕುತಿಟ್ಟು ಎಂಬ ಶೈಲಿಯ ರಕ್ಕಸ ವೇಷಕ್ಕಾದರೆ ಅಕ್ಕಿಹಿಟ್ಟು ಸುಣ್ಣ ಕಲಸಿದ ಹದವನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತ ಮುಳ್ಳಿನಂತೆ ಎಬ್ಬಿಸುವ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಹಿಂದೊಂದು ಗಳಿಗೆ ಮಾತಾಡುತ್ತಿದ್ದ ಮನುಷ್ಯ ಕಣ್ಣೆದುರಿನಲ್ಲೇ ಮರೆಯಾಗುತ್ತಾನೆ. ಉಡುಪಿಯಿಂದ ದಕ್ಷಿಣಕ್ಕೆ ತೆಂಕುತಿಟ್ಟು, ಉತ್ತರಕ್ಕೆ ಬಡಗುತಿಟ್ಟು ಎಂದು ಸ್ಥೂಲವಾಗಿ ಹೇಳಬಹುದಾದ್ದರಿಂದ, ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡಿ ಹೋಲಿಸುವ ಅವಕಾಶ ಈ ದಾರಿಯಲ್ಲಿ ಸಿಗುತ್ತದೆ. ಈಗೀಗ ಅನೇಕ ಆಟಗಳು ಬೆಳಗಿನವರೆಗೆ ನಡೆಯದೆ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುವುದು ರಸಿಕರಿಗೆ ಬೇಸರದ ಸಂಗತಿಯಾದರೂ, ಮರುದಿನ ಕಾರು ಓಡಿಸುವವರಿಗೆ ಅನುಕೂಲವೇ.

ಕುಂದಾಪುರದಾಚೆಯ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಅಲ್ಲಿ ಎಲ್ಲರೂ ನೀರಿಗಿಳಿಯಲು ಆತುರಪಡುತ್ತಾರೆ, ಆದರೆ ಗುಂಪಿನ ಪ್ರವಾಸಗಳಲ್ಲಿ ಎಷ್ಟೋ ಸಾವುಗಳು ಸಂಭವಿಸುವುದು ಇಂಥ ಆತುರದಿಂದಲೇ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ದಡಕ್ಕೆ ಬಂದು ಬಿದ್ದ ಅಲೆಗಳ ನೀರು ಹಿಂದಕ್ಕೆ ಹೋಗಲು ಇಕ್ಕಟ್ಟಾದ ಒಂದು ಜಾಡನ್ನು ಹುಡುಕಿಕೊಂಡು ರಭಸದಿಂದ ಕಡಲಿನತ್ತ ಹರಿಯುವುದನ್ನು ಸೆಳೆತ ಎನ್ನುತ್ತಾರೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಎಷ್ಟೋ ಸಲ ಈ ಜಾಡಾಗಿರುವುದರಿಂದ, ಈಜು ಬಾರದವರು ಸುರಕ್ಷಿತವೆಂದು ಆರಿಸಿಕೊಳ್ಳುವ ಜಾಗವೇ ಅಪಾಯದ್ದಾಗುತ್ತದೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೆಣಗಿದರೆ ಸೋತುಹೋಗುತ್ತಾರೆ. ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಜಾಡಿನಿಂದ ಹೊರಬಿದ್ದ ಮೇಲೆ ದಡದತ್ತ ತಿರುಗಬೇಕು. ದಡದಲ್ಲಿರುವವರು ತಾವೂ ಹಾರದೆ, ಜೀವರಕ್ಷಕರನ್ನು ಕೂಗಿ, ತೇಲುವ ಏನನ್ನಾದರೂ ಎಸೆಯಬೇಕು. ನೀರಾಟವೇ ಬೇಕೆನ್ನುವವರಿಗೆ ಪಡುಬಿದ್ರಿ ಮತ್ತು ಕಾಸರಕೋಡಿನ ಕಡಲ ತೀರಗಳು ಹೆಚ್ಚು ಸೂಕ್ತ: ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ 2020ರಲ್ಲಿ ಇವೆರಡಕ್ಕೂ ದೊರೆಯಿತು. ಮದ್ಯ ಸೇವಿಸಿದವರು ನೀರಿಗಿಳಿಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲವಾದರೂ ಹೇಳದೆ ಗತ್ಯಂತರವಿಲ್ಲ.

ಕುಮಟೆಯಿಂದ ಮುಂದಿನ ಭಾಗವೇ ಈ ಹಾದಿಯಲ್ಲಿ ಅತ್ಯಂತ ಸಮೃದ್ಧವಾದುದು. ಶಿರಸಿಯ ಕಡೆಯಲ್ಲಿ ಹುಟ್ಟುವ ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟು ಇಲ್ಲ. ಅದರ ಅಳಿವೆ ಪ್ರದೇಶ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ನೀರು ತಗ್ಗಿದಾಗ ಹೆಂಗಸರು ಗಂಡಸರು ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚನ್ನು, ಎಂದರೆ ಚಿಪ್ಪಿನ ಮೃದ್ವಂಗಿಯನ್ನು ಆರಿಸುತ್ತಾರೆ. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಭರತ ಇಳಿತಗಳು ದಿನಕ್ಕೆ ಎರಡೆರಡು ಸಲ ಬರುತ್ತವೆ, ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಹಾಗಾಗಿ ಇಳಿತದ ಹೊತ್ತನ್ನು ಮೊದಲೇ ವಿಚಾರಿಸಿಕೊಂಡರೆ ಮಾತ್ರ ಈ ಕೆಲಸ ನೋಡಸಿಗುತ್ತದೆ. ಹತ್ತಿರದಲ್ಲೇ, ಕಾಳುಮೆಣಸಿನ ರಾಣಿಯೆಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಂಟಿರುವ ಮಿರ್ಜಾನ್ ಕೋಟೆಯನ್ನು ಜಂಬಿಟ್ಟಿಗೆಯಿಂದ ಕಟ್ಟಲಾಗಿದೆ. ಮಳೆ ನಿಂತ ಹೊಸತರಲ್ಲಿ ಗೋಡೆಗಳೆಲ್ಲ ಪಾಚಿ ಹಸಿರಾಗಿರುವಾಗ ಅದರ ಚೆಲುವು ಹೆಚ್ಚು. ಗೋಕರ್ಣದಲ್ಲಿ ಕಾರನ್ನು ಬಿಟ್ಟು, ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಗುಡ್ಡದ ಕಾಲುದಾರಿಯಲ್ಲಿ ಅರ್ಧ ದಿನ ನಡೆಯುವುದನ್ನು ಯಾರೂ ತಪ್ಪಿಸಿಕೊಳ್ಳಬಾರದು. ಒಬ್ಬೊಬ್ಬರಿಗೆ ಎರಡು ಲೀಟರು ನೀರಿರಲಿ, ಕತ್ತಲಾಗುವ ಮುನ್ನ ಹಿಂದಿರುಗುವಂತಿರಲಿ.

ಊಟದ ವಿಷಯದಲ್ಲಿ ಒಂದೇ ನಿಯಮ ಸಾಕು: ದಿನಕ್ಕೆ ಒಮ್ಮೆಯಾದರೂ ಆ ಊರಿನವರೇ ಉಣ್ಣುವ ಸಣ್ಣ ಹೋಟೆಲಿನಲ್ಲಿ ಉಣ್ಣುವುದು. ಮಂಗಳೂರಿನ ಬಾಳೆಹಣ್ಣಿನ ಬನ್ಸು, ಉಡುಪಿಯ ನೀರುದೋಸೆ, ಅಲ್ಲಿಂದ ಉತ್ತರಕ್ಕೆ ಮೀನೂಟ. ದಕ್ಷಿಣದಲ್ಲಿ ಪುನರ್ಪುಳಿಯ ಶರಬತ್ತಾಗಿದ್ದದ್ದು ಕುಮಟೆಯ ಹೊತ್ತಿಗೆ ಮುರುಗಲು ಆಗಿರುತ್ತದೆ, ಮಂಗಳೂರಿನ ಬೂತಾಯಿ ಕಾರವಾರದಲ್ಲಿ ತಾರ್ಲೆ.

ಇಷ್ಟೆಲ್ಲಕ್ಕೂ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಸರಿ. ಮಳೆಗಾಲದ ಹಸಿರು ಎಷ್ಟೇ ಸೆಳೆದರೂ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿದ್ದು ಜೀವಹಾನಿಯಾದದ್ದನ್ನೂ, ಮರು ತಿಂಗಳಲ್ಲೇ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿದದ್ದನ್ನೂ ಮರೆಯುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೊರಡಲೇಬೇಕಾದವರು ಜಿಲ್ಲಾಡಳಿತದ ಅಂದಂದಿನ ಎಚ್ಚರಿಕೆಯನ್ನು ನೋಡಿಕೊಂಡು, ಕಡಿದ ಗುಡ್ಡದ ಕೆಳಗೆ ಚಹಾಕ್ಕೆಂದೂ ಗಾಡಿ ನಿಲ್ಲಿಸದೆ ಮುಂದೆ ಸಾಗಬೇಕು. ಕಾರವಾರದಿಂದ ಬೆಂಗಳೂರಿಗೆ ಹಿಂದಿರುಗುವವರು ಅಂಕೋಲೆಯವರೆಗೆ ಮರಳಿ, ಅಲ್ಲಿಂದ ಹೆದ್ದಾರಿ 52ರಲ್ಲಿ ಅರಬೈಲು ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿ ಸೇರಬಹುದು. ಲಾರಿಗಳ ಸಾಲು ದೊಡ್ಡದಿರುವ ಆ ಘಟ್ಟವನ್ನು ಹಗಲಿನಲ್ಲೇ ಹತ್ತಿ ಮುಗಿಸುವಂತೆ ಕಾರವಾರವನ್ನು ಬೆಳಿಗ್ಗೆಯೇ ಬಿಡುವುದು ಒಳ್ಳೆಯದು.