ಮನೆಯ ಸುತ್ತ ಯಾವ ಗಿಡ ನೆಡಬೇಕು?



ಮಳೆಗಾಲ ಹತ್ತಿರ ಬಂತೆಂದರೆ ಮನೆಯ ಸುತ್ತ ನಾಲ್ಕು ಗಿಡ ನೆಡುವ ಉತ್ಸಾಹ ಎಲ್ಲರಿಗೂ ಬರುತ್ತದೆ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಈ ಹವ್ಯಾಸ ತುಸು ಹೆಚ್ಚೇ ಎನ್ನಬೇಕು. 1966ರಲ್ಲಿ ಕಾಡು ಕಡಿದು ನೆಲೆಗೊಂಡ ಈ ವಸತಿಯಲ್ಲಿ ಮನೆಗೊಂದು ಅಂಗಳ, ಅಂಗಳಕ್ಕೊಂದು ಹೂಗಿಡದ ಸಾಲು ಸಾಮಾನ್ಯ. ಗಿಡ ಆರಿಸುವಾಗ ನಾವು ಹೂವು, ನೆರಳು, ಬೇಲಿ ಇಷ್ಟನ್ನೇ ನೋಡುತ್ತೇವೆ. ಹಿಂದೆ ಕೊಟ್ಟಿಗೆಯಲ್ಲಿ ಹಸು ಕಟ್ಟಿರುವುದು ಮರೆತಿರುತ್ತದೆ.

ಕೆಲವು ವರ್ಷಗಳ ಹಿಂದೆ ಕಾಲೊನಿಯ ಪಕ್ಕದ ಊರಿನಿಂದ ಬೆಳಿಗ್ಗೆಯೇ ಕರೆ ಬಂತು. ದಿನಕ್ಕೆ 12 ಲೀಟರ್ ಹಾಲು ಕೊಡುತ್ತಿದ್ದ ಮಿಶ್ರತಳಿ ಹಸು. ನಾನು ತಲುಪುವಾಗ ಕಾಲು, ಕಿವಿ ತಣ್ಣಗಾಗಿದ್ದವು, ನಾಡಿ ತಾಳ ತಪ್ಪಿತ್ತು. ಚಿಕಿತ್ಸೆ ಮಾಡಿದೆ, ಸಂಜೆಯೊಳಗೆ ಸತ್ತಿತು. ಗೋದಲಿ ಕೆದರಿ ನೋಡಿದರೆ ಒಣಹುಲ್ಲಿನ ನಡುವೆ ಬಾಡಿದ ಕಣಗಿಲೆ ಎಲೆ. ಹಿಂದಿನ ದಿನ ಬೇಲಿ ಕತ್ತರಿಸಿ ರಾಶಿ ಹಾಕಿದ್ದರು. ಹುಡುಗರು ಹಸಿರು ಸೊಪ್ಪೆಂದು ತಂದು ಹಾಕಿದ್ದರು. "ಹತ್ತು ವರ್ಷದಿಂದ ಅಲ್ಲೇ ಇದೆ ಸಾರ್, ಒಂದು ದಿನವೂ ಬಾಯಿ ಹಾಕಿಲ್ಲ" ಎಂದರು ಮನೆಯಾಕೆ. ಆ ಮಾತು ನಿಜವೇ. ಹಸುವಿಗೆ ವಿಮೆ ಇರಲಿಲ್ಲ.

ದನ ಮುಟ್ಟುವುದಿಲ್ಲವೆಂದೇ ಕಣಗಿಲೆಯನ್ನು ಬೇಲಿಗೆ ಹಾಕುತ್ತೇವೆ. ಹಸಿ ಎಲೆ ಕಹಿ, ಆದ್ದರಿಂದ ಮುಟ್ಟುವುದಿಲ್ಲ. ಕತ್ತರಿಸಿ ಬಾಡಿದ ಮೇಲೆ ಆ ಕಹಿ ತಗ್ಗಿ ದನ ತಿನ್ನುತ್ತದೆ, ಆದರೆ ವಿಷ ಹಾಗೆಯೇ ಉಳಿಯುತ್ತದೆ. ಅದು ನೇರವಾಗಿ ಹೃದಯದ ಮೇಲೆ ಕೆಲಸ ಮಾಡುವ ವಿಷ. ಹತ್ತಿಪ್ಪತ್ತು ಎಲೆ ದೊಡ್ಡ ಹಸುವಿಗೂ ಸಾಕು. ಹಳದಿ ಹೂವಿನ ಕಾಡುಕಣಗಿಲೆಯೂ ಇದೇ ಕುಟುಂಬದ್ದು. ಪೂಜೆಗೆ ಬೇಕೇ ಬೇಕು ಎನ್ನುವವರು ಕೊಟ್ಟಿಗೆಯಿಂದ ದೂರ, ಮನೆಯ ಮುಂಭಾಗದಲ್ಲಿ ಒಂದೇ ಗಿಡ ಇಟ್ಟುಕೊಳ್ಳಲಿ. ಕತ್ತರಿಸಿದ ರೆಂಬೆಗಳನ್ನು ಗುಂಡಿ ತೋಡಿ ಹುಗಿಯಬೇಕು. ಸುಡಬಾರದು, ಅದರ ಹೊಗೆಯೂ ಕೆಟ್ಟದ್ದು.

ಎರಡನೆಯದು ಲಂಟಾನಾ. ಬಣ್ಣಬಣ್ಣದ ಹೂವಿಗೆ ಮರುಳಾಗಿ ಕೆಲವರು ಇದನ್ನು ಕುಂಡದಲ್ಲೂ ಬೆಳೆಸುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ದನ ಸಾಮಾನ್ಯವಾಗಿ ಇದನ್ನು ಬಿಟ್ಟು ಮೇಯುತ್ತದೆ. ಬಯಲುಸೀಮೆಯ ಸಂತೆಯಿಂದ ಹೊಸದಾಗಿ ತಂದ ಹಸು, ಅದರಲ್ಲೂ ಬೇಸಿಗೆಯಲ್ಲಿ, ಹಸಿರು ಕಂಡದ್ದೇ ತಿಂದುಬಿಡುತ್ತದೆ. ಇದರಿಂದ ಪಿತ್ತಜನಕಾಂಗ ಕೆಡುತ್ತದೆ. ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಕಣ್ಣು ಹಳದಿಯಾಗುವುದು ಮೊದಲ ಲಕ್ಷಣಗಳು. ಬಿಸಿಲಿಗೆ ಬಿಟ್ಟರೆ ಬಿಳಿ ಕೂದಲಿರುವ ಕಡೆ ಮಾತ್ರ ಚರ್ಮ ಕೆಂಪಾಗಿ, ಬಿರಿದು, ಸುಲಿಯುತ್ತದೆ, ಕಪ್ಪು ಭಾಗಕ್ಕೆ ಏನೂ ಆಗುವುದಿಲ್ಲ. ನಮ್ಮ ಎಚ್.ಎಫ್. ಮಿಶ್ರತಳಿಗಳಲ್ಲಿ ಇದು ಎದ್ದು ಕಾಣುತ್ತದೆ, ಎಷ್ಟೋ ಜನ ಬಿಸಿನೀರು ಬಿದ್ದಿದೆ ಎಂದು ತಿಳಿಯುತ್ತಾರೆ. ಹಸುವನ್ನು ಕೂಡಲೇ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಯಿರಿ. ಮೇವು ಬಿಟ್ಟ ಹೊಟ್ಟೆಯಲ್ಲಿ ಆ ಸೊಪ್ಪು ದಿನಗಟ್ಟಲೆ ಉಳಿದು ವಿಷ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ನಾಳೆ ನೋಡೋಣ ಎನ್ನುವ ಕಾಯಿಲೆ ಇದಲ್ಲ.

ಹಾಗಾದರೆ ಬೇಲಿಗೆ ಏನು? ನನ್ನ ಮೊದಲ ಆಯ್ಕೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಹೆಬ್ಬೆರಳಿಗಿಂತ ದಪ್ಪನಾದ, ನಾಲ್ಕೈದು ಅಡಿ ಉದ್ದದ ಗೂಟವನ್ನು ಮಳೆ ಹಿಡಿದಾಗ ಊರಿದರೆ ಚಿಗುರುತ್ತದೆ. ಮೊದಲ ವರ್ಷ ಬೇರೂರಲು ಬಿಡಿ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಕಡಿಯಬಹುದು. ಒಣ ತೂಕದಲ್ಲಿ ಶೇಕಡಾ 20ರಷ್ಟು ಸಸಾರಜನಕ ಉಂಟು. ವಾಸನೆಗೆ ಹಸು ಮೊದಲು ಮುಖ ತಿರುಗಿಸುತ್ತದೆ. ಒಂದು ದಿನ ಬಾಡಿಸಿ ಹುಲ್ಲಿನೊಡನೆ ಸ್ವಲ್ಪಸ್ವಲ್ಪ ಬೆರೆಸಿ ರೂಢಿ ಮಾಡಿಸಿ, ಹಸಿರು ಮೇವಿನ ಮೂರನೇ ಒಂದು ಭಾಗ ಮೀರುವುದು ಬೇಡ. ಇದರ ಬೀಜ, ತೊಗಟೆ ಇಲಿಗೆ ವಿಷ, ಎಲೆ ಕುದುರೆಗೂ ಆಗದು. ಮೆಲುಕು ಹಾಕುವ ದನಕ್ಕೆ ಮಿತಿಯಲ್ಲಿ ಕೊಟ್ಟ ಎಲೆಯಿಂದ ತೊಂದರೆಯಿಲ್ಲ. ಹೂವಿನ ಬೇಲಿಯೇ ಬೇಕೆಂದರೆ ದಾಸವಾಳ ಇದೆ, ಮುಳ್ಳಿನದು ಬೇಕೆಂದರೆ ಉಪ್ಪಿನಕಾಯಿಗೂ ಒದಗುವ ಕವಳಿ ಇದೆ.

ಸುಬಾಬುಲ್ ಒಳ್ಳೆಯ ಮೇವು, ಆದರೆ ಅದನ್ನೇ ಹೊಟ್ಟೆ ತುಂಬಾ ಕೊಟ್ಟರೆ ಕೂದಲು ಉದುರುತ್ತದೆ. ಬೀಜ ಬಿದ್ದಲ್ಲೆಲ್ಲ ಹುಟ್ಟಿ ಹಿತ್ತಲನ್ನೇ ಆವರಿಸುವುದರಿಂದ ಕಾಯಿ ಕಟ್ಟುವ ಮೊದಲೇ ಕಡಿಯಬೇಕು. ನುಗ್ಗೆ, ಹಲಸು ಮನೆಗೂ ಆದೀತು, ದನಕ್ಕೂ ಆದೀತು.

ನೆರಳಿನ ಮರವನ್ನು ಕೊಟ್ಟಿಗೆಯ ಪಶ್ಚಿಮಕ್ಕೆ ನೆಡಿ. ಹಸು ಏದುಸಿರು ಬಿಡುವುದು ಮಧ್ಯಾಹ್ನದ ಮೇಲಿನ ಓರೆ ಬಿಸಿಲಿಗೆ, ಹಾಲು ತಗ್ಗುವುದೂ ಆಗಲೇ. ಹೊಂಗೆ, ಬೇವು ಸೂಕ್ತ. ಗುಲ್‌ಮೊಹರ್ ನೋಡಲು ಚೆಂದ, ಗಾಳಿಮಳೆಗೆ ಟೊಂಗೆ ಮುರಿದು ಹಂಚಿನ ಮೇಲೆ ಬೀಳುತ್ತದೆ. ಆಲ, ಬಸರಿಗಳ ಸೊಪ್ಪು ಮೇವಾದರೂ ಬೇರು ಗೋಡೆ ಒಡೆಯುತ್ತದೆ, ಅವು ಹೊಲದ ಬದುವಿಗೇ ಸರಿ.

ನಿಮ್ಮ ಬೇಲಿಯಲ್ಲಿ ಹೆಸರು ಗೊತ್ತಿಲ್ಲದ ಗಿಡವಿದ್ದರೆ ಹೂವು, ಕಾಯಿ ಸಮೇತ ಒಂದು ರೆಂಬೆಯನ್ನು ಕಾಗದದಲ್ಲಿ ಸುತ್ತಿ ನಾನು ಸಂಘಕ್ಕೆ ಬರುವ ದಿನ ತನ್ನಿ. ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅದರ ಸೊಪ್ಪು ಗೋದಲಿಗೆ ಬೇಡ.